ಹಿಂಗೋಲಿಗೆ ಬರಲಿರುವ ಕನ್ನಡಿಗಳು

ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳಲ್ಲಿ ಗಣೇಶಖಿಂಡದ ರಸ್ತೆಯಿಂದ ನಿತ್ಯ ಓಡಾಡುವವರು ಅನೇಕರಿದ್ದಾರೆ. ಅಲ್ಲಿಯ ವಿಶ್ವವಿದ್ಯಾಲಯದ ಆವರಣದಲ್ಲಿ ಕರಿಗಲ್ಲಿನ ಗೋಡೆಗಳ ಒಂದು ಸಂಸ್ಥೆ ಇದೆ. ಅದರ ಅಂಗಳದಲ್ಲಿ ಆರ್ಯಭಟ, ಗೆಲಿಲಿಯೊ, ನ್ಯೂಟನ್, ಐನ್‌ಸ್ಟೈನ್ ಈ ನಾಲ್ವರ ವಿಗ್ರಹಗಳಿವೆ. ಮರಾಠಿ ಮಿತ್ರರು ಅದನ್ನು 'ಆಯುಕಾ' ಎಂದು ಕರೆಯುವರು. 1988ರಲ್ಲಿ ಜಯಂತ ನಾರಳೀಕರರು ಆರಂಭಿಸಿ ಬೆಳೆಸಿದ ಖಗೋಲ ವಿಜ್ಞಾನದ ಕೇಂದ್ರವದು. ನಾರಳೀಕರರು 2025ರ ಮೇ 20ರಂದು ಇದೇ ಊರಿನಲ್ಲಿ ತೀರಿಕೊಂಡರು. ಅವರ ಕೇಂದ್ರ ಕೈಗೆತ್ತಿಕೊಂಡ ಒಂದು ದೊಡ್ಡ ಕೆಲಸ ಮಾತ್ರ ಇನ್ನೂ ನಡೆಯುತ್ತಲಿದೆ. ಆ ಕೆಲಸದ ಸ್ಥಳ ಪುಣೆಯಲ್ಲ. ಇಲ್ಲಿಂದ ನಾನೂರು ಕಿಲೋಮೀಟರಿಗೂ ಆಚೆ, ಮರಾಠವಾಡದ ಹಿಂಗೋಲಿ ಜಿಲ್ಲೆಯ ಬಯಲು.

ನಮ್ಮ ಕಚೇರಿಯಲ್ಲಿ ಯಾರಿಗಾದರೂ ಹಿಂಗೋಲಿಗೆ ವರ್ಗವಾಯಿತೆಂದರೆ ಉಳಿದವರು ಸುತ್ತ ನಿಂತು ಸಮಾಧಾನ ಹೇಳುವುದು ವಾಡಿಕೆ. ಹೀಗಿರಲು ಅಮೆರಿಕದ ಶಾಸ್ತ್ರಜ್ಞರು ತಮ್ಮ ಅತ್ಯಂತ ನಾಜೂಕಾದ ಯಂತ್ರವೊಂದನ್ನು ಅದೇ ಹಿಂಗೋಲಿಗೆ ಕಳುಹಿಸಲು ಒಪ್ಪಿದ್ದಾರೆಂದು ಓದಿದಾಗ ನನಗೆ ಸೋಜಿಗವೆನಿಸಿತು. ನಾನು ಬಿ.ಎ. ಪಾಸಾದ ಕಾರಕೂನ, ವಿಜ್ಞಾನ ನನ್ನ ವಿಷಯವಲ್ಲ. ಆದರೂ ಕಳೆದ ಎರಡು ಸೂಟಿಗಳನ್ನು ಈ ವಿಷಯದ ಓದಿಗೇ ಕೊಟ್ಟೆ. ತಿಳಿದುಕೊಂಡದ್ದನ್ನು ನಮ್ಮ ಮನೆಮಂದಿಗೆಲ್ಲ ಅರ್ಥವಾಗುವ ಹಾಗೆ ಇಲ್ಲಿ ಹೇಳುತ್ತೇನೆ.

ಆಕಾಶದಲ್ಲಿ ಎರಡು ಮಹಾಭಾರದ ಕಾಯಗಳು ಒಂದನ್ನೊಂದು ಸುತ್ತುತ್ತ ಸುತ್ತುತ್ತ ಸಮೀಪಿಸಿ ಕೊನೆಗೆ ಕೂಡಿ ಒಂದಾದಾಗ, ಅವು ಇರುವ ಅವಕಾಶವೇ ಕದಡಿ ಅಲೆಯೇಳುತ್ತದೆಂದು ಐನ್‌ಸ್ಟೈನರು 1916ರಲ್ಲಿ ಲೆಕ್ಕಹಾಕಿ ಹೇಳಿದ್ದರು. ಇವೇ ಗುರುತ್ವ ತರಂಗಗಳು. ಬಿದಿರಿನ ಬುಟ್ಟಿಯ ಬಾಯನ್ನು ಎರಡೂ ಕೈಗಳಿಂದ ಒತ್ತಿ ನೋಡಿರಿ: ಒಂದು ದಿಕ್ಕಿನಲ್ಲಿ ಕುಗ್ಗುತ್ತದೆ, ಅಡ್ಡ ದಿಕ್ಕಿನಲ್ಲಿ ಹಿಗ್ಗುತ್ತದೆ. ಈ ಅಲೆ ಹಾದುಹೋಗುವಾಗ ನಾವೂ, ನಮ್ಮ ಮನೆಯೂ, ಭೂಮಿಯೂ ಹೀಗೆಯೇ ಕುಗ್ಗಿ ಹಿಗ್ಗುವುವು. ಆದರೆ ಎಷ್ಟು? ನಾಲ್ಕು ಕಿಲೋಮೀಟರು ಉದ್ದದ ಒಂದು ದಾರಿ, ಪ್ರೋಟಾನೆಂಬ ಪರಮಾಣುವಿನ ತಿರುಳಿನ ಕಣದ ಅಗಲದಲ್ಲಿ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಬದಲಾಗುತ್ತದೆ, ಅಷ್ಟೆ. ಇಷ್ಟನ್ನು ಅಳೆಯುವುದು ಮನುಷ್ಯನಿಂದ ಆಗದ ಮಾತೆಂದು ಐನ್‌ಸ್ಟೈನರ ಕಾಲದವರು ಬಿಟ್ಟುಕೊಟ್ಟಿದ್ದರೆ ತಪ್ಪೇನಲ್ಲ.

ಅಳೆದರು. ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ ಎಂಬ ಎರಡು ಊರುಗಳಲ್ಲಿ, ಮೂರು ಸಾವಿರ ಕಿಲೋಮೀಟರಿನ ಅಂತರದಲ್ಲಿ, 'ಲೈಗೋ' ಎಂಬ ಹೆಸರಿನ ಜೋಡಿ ಯಂತ್ರಗಳಿವೆ. 2015ರ ಸೆಪ್ಟೆಂಬರ್ 14ರಂದು ಆ ಎರಡರಲ್ಲೂ ಒಂದೇ ಬಗೆಯ ಕಂಪನ ಮೂಡಿತು. ಮೊದಲು ಲಿವಿಂಗ್‌ಸ್ಟನ್ನಿನಲ್ಲಿ, ಸೆಕೆಂಡಿನ ಸಾವಿರದ ಏಳು ಪಾಲು ತಡೆದು ಹ್ಯಾನ್‌ಫರ್ಡಿನಲ್ಲಿ. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ, ಒಂದು 36 ಸೂರ್ಯರ ತೂಕದ್ದು, ಇನ್ನೊಂದು 29 ಸೂರ್ಯರ ತೂಕದ್ದು, ಹೀಗೆ ಎರಡು ಕಪ್ಪುಕುಳಿಗಳು ಕೂಡಿಕೊಂಡ ಸುದ್ದಿ ಅದು. ಕೂಡಿದ ಮೇಲೆ ಉಳಿದದ್ದು 62. ಮಿಕ್ಕ ಮೂರು ಸೂರ್ಯರಷ್ಟು ದ್ರವ್ಯವೆಲ್ಲ ಅಲೆಯಾಗಿ ಹೋಯಿತು! ಈ ಶೋಧಕ್ಕಾಗಿ 2017ರಲ್ಲಿ ರೈನರ್ ವೈಸ್, ಕಿಪ್ ಥಾರ್ನ್, ಬ್ಯಾರಿ ಬ್ಯಾರಿಷ್ ಈ ಮೂವರಿಗೆ ನೊಬೆಲ್ ಬಹುಮಾನ ಬಂದಿತು.

ಯಂತ್ರದ ರಚನೆ ಕೇಳಲಿಕ್ಕೆ ಸರಳ. ನೆಲದ ಮೇಲೆ ಕಾಟಕೋನದಲ್ಲಿ ಎರಡು ಕೊಳವೆಗಳು, ಒಂದೊಂದೂ ನಾಲ್ಕು ಕಿಲೋಮೀಟರು ಉದ್ದ, ಒಳಗೆ ಗಾಳಿ ಇಲ್ಲವೆನ್ನುವಷ್ಟು ನಿರ್ವಾತ. ಒಂದು ಲೇಸರ್ ಬೆಳಕನ್ನು ಸೀಳಿ ಎರಡೂ ಕೊಳವೆಗಳಿಗೆ ಬಿಡುತ್ತಾರೆ. ತುದಿಯಲ್ಲಿರುವ ಕನ್ನಡಿಗಳಿಗೆ ತಾಗಿ ಎರಡೂ ಕಿರಣಗಳು ಮರಳಿ ಬಂದು ಒಂದೆಡೆ ಕೂಡುತ್ತವೆ. ತಂಬೂರಿ ಶ್ರುತಿ ಮಾಡುವುದನ್ನು ನೋಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ನಮ್ಮ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಉತ್ಸವ ಆರಂಭಿಸಿದ ಈ ಊರಿನಲ್ಲಿ ಅದನ್ನು ನೋಡದವರು ಕಡಿಮೆ. ಜೋಡಿ ತಂತಿಗಳು ಸರಿಯಾಗಿ ಕೂಡಿದ್ದರೆ ನಾದ ಒಂದೇ ಆಗಿ ನಿಲ್ಲುತ್ತದೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಓಂಯ್ ಓಂಯ್ ಎಂದು ತೂಗತೊಡಗುತ್ತದೆ. ಎರಡು ಬೆಳಕಿನ ಕಿರಣಗಳೂ ಹಾಗೆಯೇ. ಒಂದರ ದಾರಿ ತುಸು ಹಿಗ್ಗಿ ಇನ್ನೊಂದರದು ತುಸು ಕುಗ್ಗಿದರೆ ಕೂಡುವ ಜಾಗದಲ್ಲಿ ಬೆಳಕಿನ ಪ್ರಮಾಣ ಬದಲಾಗುತ್ತದೆ. ಆ ಬದಲಾವಣೆಯೇ ಸುದ್ದಿ.

ಕಷ್ಟವೆಲ್ಲ ಇರುವುದು ಗದ್ದಲದಲ್ಲಿ. ಲಾರಿ ಹೋದರೆ ನೆಲ ನಡುಗುತ್ತದೆ. ದೂರದ ಸಮುದ್ರದ ತೆರೆ ದಂಡೆಗೆ ಬಡಿದರೂ ನಡುಗುತ್ತದೆ. ಅದಕ್ಕೆಂದು ಕನ್ನಡಿಗಳನ್ನು ನೆಲಕ್ಕೆ ತಾಗಿಸದೆ ಜೋಕಾಲಿಯಂತೆ ತೂಗುಹಾಕುತ್ತಾರೆ. ಒಂದು ಜೋಕಾಲಿಯ ಕೆಳಗೆ ಇನ್ನೊಂದು, ಹೀಗೆ ನಾಲ್ಕು ಅಂತಸ್ತು. ಕಟ್ಟಕಡೆಯದು 40 ಕಿಲೋ ತೂಕದ ಗಾಜಿನ ದಿಂಡು. 34 ಸೆಂಟಿಮೀಟರು ಅಗಲ, 20 ಸೆಂಟಿಮೀಟರು ದಪ್ಪ. ಅದನ್ನು ಹಿಡಿದು ನಿಂತಿರುವುದು ಅರ್ಧ ಮಿಲಿಮೀಟರೂ ದಪ್ಪವಿಲ್ಲದ ನಾಲ್ಕು ಗಾಜಿನ ಎಳೆಗಳು. ಉಕ್ಕಿನ ತಂತಿ ಏಕಾಗಬಾರದು, ಗಾಜಿನ ಎಳೆ ಹಾಕುವ ಸಾಹಸವೇಕೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಈ ಇಡೀ ಕಥೆಯ ಜೀವ ಆ ಪ್ರಶ್ನೆಯಲ್ಲೇ ಇದೆ.

ಬೇಸಿಗೆ ಬಂತೆಂದರೆ ನಮ್ಮ ತಾಯಂದಿರು ಕುಂಬಾರರಲ್ಲಿ ಗಡಿಗೆ ಕೊಳ್ಳುವಾಗ ಏನು ಮಾಡುತ್ತಾರೆ? ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯ ಬೆರಳಿನಿಂದ ಬಡಿಯುತ್ತಾರೆ. ಖಣ್ ಎಂದು ಬಾರಿಸಿ ನಾದ ನಿಂತರೆ ಗಡಿಗೆ ಗಟ್ಟಿ. ದಬ್ ಎಂದು ಅಲ್ಲೇ ಸತ್ತರೆ ಅದರಲ್ಲಿ ಎಲ್ಲೋ ದೋಷ. ಗುರುತ್ವ ತರಂಗದ ಶಾಸ್ತ್ರಜ್ಞರು ವಸ್ತುಗಳನ್ನು ಆರಿಸುವುದೂ ಇದೇ ಪರೀಕ್ಷೆಯಿಂದ. ಪ್ರತಿಯೊಂದು ವಸ್ತುವಿನ ಕಣಗಳೂ ಶಾಖದಿಂದಾಗಿ ಸದಾ ಅದುರುತ್ತಿರುತ್ತವೆ. ದೀರ್ಘ ನಾದದ ವಸ್ತುವಿನಲ್ಲಿ ಆ ಅದುರಾಟವೆಲ್ಲ ಅದರದೇ ಆದ ಒಂದೆರಡು ಸ್ವರಗಳಲ್ಲಿ ಸೇರಿಕೊಂಡಿರುತ್ತದೆ. ಆ ಸ್ವರಗಳನ್ನು ಬಿಟ್ಟು ಉಳಿದ ಕಡೆ ಕಿವಿಗೊಡಬಹುದು. ಮಂದವಾದ ವಸ್ತುವಿನಲ್ಲಿ ಅದು ಎಲ್ಲ ಸ್ವರಗಳಿಗೂ ಹರಡಿ ಸಂತೆಯ ಗದ್ದಲವಾಗುತ್ತದೆ. ಉಕ್ಕಿನ ತಂತಿಗಿಂತ ಶುದ್ಧ ಸಿಲಿಕಾ ಗಾಜಿನ ಎಳೆ ಎಷ್ಟೋ ಪಟ್ಟು ಹೆಚ್ಚು ಹೊತ್ತು ನಾದ ಹಿಡಿಯುವುದು. ಅದಕ್ಕಾಗಿಯೇ ಸ್ಕಾಟ್ಲೆಂಡಿನ ಗ್ಲಾಸ್ಗೋ ಮೊದಲಾದ ಕಡೆಯ ಬ್ರಿಟಿಷ್ ವಿಜ್ಞಾನಿಗಳು ಗಾಜನ್ನು ಕಾಯಿಸಿ ಎಳೆದು ಅದನ್ನೇ ಹಗ್ಗವಾಗಿಸುವ ವಿದ್ಯೆಯನ್ನು ವರ್ಷಗಟ್ಟಲೆ ಸಾಧಿಸಿದರು.

ಇನ್ನು ಕನ್ನಡಿಯ ಮೋರೆ. ನಮ್ಮ ಮನೆಯ ಕನ್ನಡಿಯಂತೆ ಇದರ ಹಿಂದೆ ಬೆಳ್ಳಿ ಬಳಿದಿರುವುದಿಲ್ಲ. ಬೆಳ್ಳಿಯಾದರೆ ಬೆಳಕಿನ ಒಂದಷ್ಟು ಪಾಲನ್ನು ನುಂಗಿ ಬಿಸಿಯಾಗುತ್ತದೆ. ಈ ಕೊಳವೆಗಳಲ್ಲಿ ಓಡಾಡುವ ಬೆಳಕೋ ಲಕ್ಷಗಟ್ಟಲೆ ವಾಟಿನದು. ಆದ್ದರಿಂದ ಗಾಜಿನ ಮುಖದ ಮೇಲೆ ಸಿಲಿಕಾದ ಒಂದು ಪದರು, ಟ್ಯಾಂಟಲಂ ಎಂಬ ಲೋಹದ ಆಕ್ಸೈಡಿನ ಒಂದು ಪದರು, ಮತ್ತೆ ಸಿಲಿಕಾ, ಮತ್ತೆ ಟ್ಯಾಂಟಲಂ, ಹೀಗೆ ಚಿರೋಟಿಯ ಹಾಗೆ ಒಂದರ ಮೇಲೊಂದು ಕೂಡಿಸುತ್ತಾರೆ. ಚಿರೋಟಿಯ ಎಲ್ಲ ಪದರುಗಳನ್ನು ಸೇರಿಸಿದರೂ ದಪ್ಪ ತಲೆಗೂದಲಿನ ಹತ್ತರಲ್ಲೊಂದು ಪಾಲಿನಷ್ಟು. ಈ ಲೇಪ ನುಂಗುವ ಬೆಳಕು ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. ಲೇಪದಲ್ಲಿ ಧೂಳಿನ ಕಣದಂಥ ಒಂದು ಚುಕ್ಕೆ ಉಳಿದರೂ ಅಲ್ಲಿ ಬೆಳಕು ಹೀರಿ ಗಾಜು ಉಬ್ಬುತ್ತದೆ. ಇಂಥ ಚುಕ್ಕೆಗಳು ಅಮೆರಿಕದ ಯಂತ್ರಗಳಿಗೆ ಬಹಳ ಕಾಟ ಕೊಟ್ಟಿವೆ.

ಲೈಗೋದ ಈ ಕನ್ನಡಿಗಳಿಗೆ ಲೇಪ ಕೊಟ್ಟದ್ದು ಅಮೆರಿಕವಲ್ಲ, ಫ್ರಾನ್ಸು. ಲಿಯೋನ್ ನಗರದಲ್ಲಿ ಒಂದು ಪ್ರಯೋಗಶಾಲೆ ಇದೆ. ಅದರ ಹೆಸರನ್ನು ಕನ್ನಡಕ್ಕೆ ತಂದರೆ 'ಮುಂದುವರಿದ ವಸ್ತುಗಳ ಪ್ರಯೋಗಶಾಲೆ' ಎಂದಾಗುತ್ತದೆ. ಇಟಲಿಯ ಪೀಸಾ ನಗರದ ಹತ್ತಿರವಿರುವ 'ವರ್ಗೊ' ಯಂತ್ರಕ್ಕೂ ಕನ್ನಡಿಯ ಲೇಪ ಅಲ್ಲಿಯದೇ. ಒಂದೇ ಕೈಯ ಕೆಲಸಕ್ಕೆ ಜಗತ್ತು ಕಾದು ಕುಳಿತಿತ್ತು ಎನ್ನಬೇಕು. ಗಾಜು ಜರ್ಮನಿಯ ಕುಲುಮೆಯದು, ತಿಕ್ಕಿ ನಯಗೊಳಿಸಿದ್ದು ಅಮೆರಿಕದಲ್ಲಿ, ಲೇಪ ಫ್ರಾನ್ಸಿನದು, ತೂಗುವ ಎಳೆ ಬ್ರಿಟನ್ನಿನದು, ಲೇಸರ್ ದೀಪ ಜರ್ಮನಿಯ ಹ್ಯಾನೋವರದು. ಇದನ್ನು ನೋಡಿದರೆ ಸಹಕಾರವೆಂಬುದು ಅಲ್ಲಿ ಸಭೆ ಸಮಾರಂಭಗಳ ಶಿಷ್ಟಾಚಾರವಲ್ಲ; ಒಬ್ಬರು ಬಿಟ್ಟರೆ ಯಂತ್ರವೇ ಆಗದು.

ಅಷ್ಟಾದರೂ ತೊಂದರೆ ಮುಗಿಯಲಿಲ್ಲ. 40 ಕಿಲೋ ಗಾಜು ಖಣ್ ಎನ್ನುತ್ತದೆ. ಆದರೆ ಕೂದಲಿಗಿಂತ ತೆಳುವಾದ ಆ ಲೇಪ ದಬ್ ಎನ್ನುವ ಜಾತಿಯದು! ಇಡೀ ದಿಂಡಿಗಿಂತ ಅದರ ಮೇಲಿನ ಪೊರೆಯೇ ಹೆಚ್ಚು ಗದ್ದಲ ಮಾಡುತ್ತದೆ. ಟ್ಯಾಂಟಲಂ ಪದರಿನಲ್ಲಿ ಟೈಟೇನಿಯಂ ಬೆರೆಸಿ ಸ್ವಲ್ಪ ಪಳಗಿಸಿದರು. 2021ರಲ್ಲಿ, ಟ್ಯಾಂಟಲಮ್ಮನ್ನೇ ಬಿಟ್ಟು ಜರ್ಮೇನಿಯಂ ಆಕ್ಸೈಡಿನಲ್ಲಿ ಟೈಟೇನಿಯಂ ಆಕ್ಸೈಡನ್ನು ಬೆರೆಸಿದರೆ ಗದ್ದಲ ಇನ್ನೂ ಕಡಿಮೆಯಾಗುವುದೆಂದು ವಿಜ್ಞಾನಿಗಳು ಪ್ರಕಟಿಸಿದರು. ಜಪಾನಿನವರು ಬೇರೆಯದೇ ದಾರಿ ಹಿಡಿದಿದ್ದಾರೆ: ಕಾಮಿಯೋಕಾದ ಬೆಟ್ಟದೊಳಗೆ ಸುರಂಗ ಕೊರೆದು, ನೀಲಮಣಿಯ ಜಾತಿಯ ಹರಳಿನಿಂದ ಕನ್ನಡಿ ಮಾಡಿ, ಅದನ್ನು ಸೊನ್ನೆಯ ಕೆಳಗೆ ಇನ್ನೂರೈವತ್ತು ಡಿಗ್ರಿಯವರೆಗೆ ತಣಿಸಿ ಶಾಖದ ಅದುರಾಟವನ್ನೇ ಅಡಗಿಸುವ ಯೋಜನೆ ಅವರದು. 'ಕಾಗ್ರಾ' ಎಂದು ಅದರ ಹೆಸರು.

ವಸ್ತುವಿನ ಗದ್ದಲ ಅಡಗಿಸಿದ ಮೇಲೆ ಕೊನೆಗೆ ಉಳಿಯುವುದು ಬೆಳಕಿನದೇ ಗದ್ದಲ. ಬೆಳಕು ಕಣಕಣವಾಗಿ ಬರುತ್ತದೆಂಬುದು ಕ್ವಾಂಟಂ ಶಾಸ್ತ್ರದ ಮೊದಲ ಪಾಠ. ತಗಡಿನ ಮಾಡಿನ ಮೇಲೆ ಮಳೆ ಬಿದ್ದ ಹಾಗೆ ಪಟಪಟನೆ, ಹೆಚ್ಚುಕಡಿಮೆಯಾಗಿ ಬೀಳುತ್ತದೆ. ಹೆಚ್ಚು ಬೆಳಕು ಬಿಟ್ಟರೆ ಎಣಿಕೆಯ ತಪ್ಪು ಕಡಿಮೆಯಾದೀತು. ಆದರೆ ಮಳೆ ಜೋರಾದರೆ ತಗಡೇ ಅಲ್ಲಾಡುವಂತೆ, ಬೆಳಕಿನ ಪೆಟ್ಟಿಗೆ ಕನ್ನಡಿಯೇ ಅಲ್ಲಾಡುತ್ತದೆ. 40 ಕಿಲೋ ಕನ್ನಡಿ ಹೀಗೆ ಬೆಳಕಿನ ಕಣಗಳ ಏರಿಳಿತದಿಂದ ಅಲುಗುವುದನ್ನು ಲೈಗೋದವರು 2020ರಲ್ಲಿ ಅಳೆದು ತೋರಿಸಿಯೇ ಬಿಟ್ಟರು.

ಇದಕ್ಕೆ ಉಪಾಯವನ್ನು ಕಾರ್ಲ್‌ಟನ್ ಕೇವ್ಸ್ ಎಂಬವರು 1981ರಲ್ಲೇ ಸೂಚಿಸಿದ್ದರು. ಹೋಳಿಗೆಯ ಕಣಕವನ್ನು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ, ಇಲ್ಲವಾಗುವುದಿಲ್ಲ. ಬೆಳಕಿನ ಅನಿಶ್ಚಿತತೆಯೂ ಅಂಥದು. ಅದನ್ನು ಅಳಿಸಲಾಗದು, ಆದರೆ ನಮಗೆ ಬೇಡವಾದ ಕಡೆಗೆ ಒತ್ತರಿಸಬಹುದು. ಒತ್ತುವ ಲಟ್ಟಣಿಗೆಯೂ ಒಂದು ವಿಶೇಷ ಹರಳೇ. ಪೊಟ್ಯಾಸಿಯಂ ಟೈಟನೈಲ್ ಫಾಸ್ಫೇಟ್ ಎಂದು ಉದ್ದ ಹೆಸರು. ಹಸಿರು ಬೆಳಕಿನ ಒಂದು ಕಣ ಈ ಹರಳಿನೊಳಗೆ ಒಡೆದು ಅವಳಿ ಕಣಗಳಾಗುತ್ತದೆ, ಆ ಅವಳಿಗಳು ಒಂದರ ಲಯವನ್ನೊಂದು ಬಿಡದೆ ನಡೆಯುತ್ತವೆ. ಇಂಥ 'ಒತ್ತಿದ ಬೆಳಕ'ನ್ನು ಮೊದಲು ಜರ್ಮನಿಯ ಹ್ಯಾನೋವರಿನ ಸಣ್ಣ ಯಂತ್ರದಲ್ಲಿ 2010ರಿಂದ ಬಳಸಿ ನೋಡಿದರು. ಆಮೇಲೆ ಅಮೆರಿಕ ಮತ್ತು ಆಸ್ಟ್ರೇಲಿಯದವರು ಕೂಡಿ ರೂಪಿಸಿದ ಸಲಕರಣೆ 2019ರಲ್ಲಿ ಲೈಗೋಗೆ ಸೇರಿತು. ಅದರಿಂದಲೇ ಸಿಕ್ಕುವ ಘಟನೆಗಳ ಸಂಖ್ಯೆ ನೂರಕ್ಕೆ ನಲವತ್ತು ಐವತ್ತರಷ್ಟು ಏರಿತು. 2023ರಲ್ಲಿ ಮುನ್ನೂರು ಮೀಟರಿನ ಇನ್ನೊಂದು ಕೊಳವೆ ಜೋಡಿಸಿ, ಮಂದ್ರದಲ್ಲಿ ಒಂದು ಬಗೆಯಾಗಿ, ತಾರದಲ್ಲಿ ಇನ್ನೊಂದು ಬಗೆಯಾಗಿ ಒತ್ತುವ ವ್ಯವಸ್ಥೆ ಮಾಡಿದರು.

ಇಷ್ಟೆಲ್ಲ ತಾಪತ್ರಯದ ಫಲ ಏನೆಂದರೆ, 2025ರ ಜನವರಿ 14ರಂದು, ಮೊದಲನೆಯ ಘಟನೆಯಂಥದೇ ಇನ್ನೊಂದು ಸಿಕ್ಕಿತು. ಹೆಚ್ಚು ಕಡಿಮೆ ಅಷ್ಟೇ ತೂಕದ ಕಪ್ಪುಕುಳಿಗಳು, ಅಷ್ಟೇ ದೂರ. ಆದರೆ 2015ರದಕ್ಕಿಂತ ಮೂರು ಪಟ್ಟಿಗೂ ಮಿಕ್ಕಿ ಸ್ಪಷ್ಟ. ಆಕಾಶ ಬದಲಾಗಿರಲಿಲ್ಲ, ನಮ್ಮ ಕಿವಿ ಬದಲಾಗಿತ್ತು. ಎರಡು ಕಪ್ಪುಕುಳಿಗಳ ಮೈಯ ವಿಸ್ತಾರ ಕೂಡಿ ಸುಮಾರು 2,40,000 ಚದರ ಕಿಲೋಮೀಟರು ಇದ್ದದ್ದು, ಒಂದಾದ ಮೇಲೆ ಸುಮಾರು 4,00,000 ಆಯಿತೆಂದು ಲೆಕ್ಕ ಹಾಕಿದರು. ಕರ್ನಾಟಕಕ್ಕಿಂತ ತುಸು ದೊಡ್ಡದು, ಮಹಾರಾಷ್ಟ್ರವನ್ನೂ ಮೀರಿ ಬೆಳೆಯಿತು ಎಂದು ನಾನು ಮಕ್ಕಳಿಗೆ ಹೇಳಿದೆ. ಕಪ್ಪುಕುಳಿಯ ಮೈ ಎಂದೂ ಕುಗ್ಗದೆಂದು ಸ್ಟೀಫನ್ ಹಾಕಿಂಗರು 1971ರಲ್ಲಿ ಹೇಳಿದ್ದಕ್ಕೆ ಇದು ಬಲವಾದ ಆಧಾರ.

ಅದೇ ಘಟನೆಯಲ್ಲಿ ಇನ್ನೊಂದನ್ನೂ ಕೇಳಿದರು. ಕೂಡಿಕೊಂಡ ಹೊಸ ಕಪ್ಪುಕುಳಿ, ಬಡಿದ ಗಂಟೆಯಂತೆ ತನ್ನದೇ ಸ್ವರದಲ್ಲಿ ಒಂದು ಕ್ಷಣ ಬಾರಿಸಿ ಅಡಗಿತು. ಆ ಸ್ವರ ಹೀಗಿರುವುದೆಂದು ಮೊಟ್ಟಮೊದಲು ಲೆಕ್ಕಹಾಕಿ ತೋರಿಸಿದವರು ನಮ್ಮವರು! ಬೆಂಗಳೂರಿನ ಸಿ. ವಿ. ವಿಶ್ವೇಶ್ವರರು, ಕನ್ನಡದ ಹಿರಿಯ ಲೇಖಕರಾದ ಸಿ. ಕೆ. ವೆಂಕಟರಾಮಯ್ಯನವರ ಮಗ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಓದಿ, 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕಪ್ಪುಕುಳಿಗೆ ಅಲೆಯ ಪೆಟ್ಟು ತಗಲಿದರೆ ಅದು ಎಷ್ಟು ಹೊತ್ತು, ಯಾವ ಸ್ವರದಲ್ಲಿ ಮೊಳಗಿ ನಿಲ್ಲುವುದೆಂದು ಅವರು ತೋರಿಸಿದ್ದರು. ಕಪ್ಪುಕುಳಿ ಎಂಬುದು ನಿಜವಾಗಿ ಇದೆಯೋ ಇಲ್ಲವೋ ಎಂದು ದೊಡ್ಡವರೇ ಅನುಮಾನಿಸುತ್ತಿದ್ದ ಕಾಲವದು. ಗಡಿಗೆ ಬಡಿದು ಗುಣ ತಿಳಿಯುವ ವಿದ್ಯೆಯನ್ನು ಕಪ್ಪುಕುಳಿಗೂ ಹಚ್ಚಿದರೆಂದು ನಾವು ಹೇಳಿಕೊಳ್ಳಬಹುದು. ಮುಂದೆ ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ನಿಲ್ಲಿಸಿದವರೂ ಅವರೇ. ನಮ್ಮಲ್ಲಿ ಅನೇಕರು ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೇವೆ, ಕಟ್ಟಿದವರ ಹೆಸರನ್ನು ಮಾತ್ರ ಕೇಳಿಲ್ಲ. ಮೊದಲ ತರಂಗ ಸಿಕ್ಕ ಸುದ್ದಿಯನ್ನು ಅವರು 2016ರಲ್ಲಿ ಕೇಳಿದರು. 2017ರ ಜನವರಿಯಲ್ಲಿ ತೀರಿಕೊಂಡರು. ಸ್ಪಷ್ಟವಾದ ಆ ಗಂಟೆ ಬಾರಿಸಿದಾಗ ಅವರಿರಲಿಲ್ಲ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲಾ ಅಯ್ಯರರು ಫ್ರಾನ್ಸಿನವರೊಡನೆ ಕೂಡಿ, ಕಾಯಗಳು ಸುತ್ತುತ್ತ ಹತ್ತಿರವಾಗುವ ಘಟ್ಟದ ಅಲೆಯ ಆಕಾರವನ್ನು ಲೆಕ್ಕ ಮಾಡಿದರು. ಪುಣೆಯ ಆಯುಕಾದಲ್ಲಿ ಸಂಜೀವ ಧುರಂಧರರು, ಬೆಂಗಳೂರಿನಲ್ಲಿ ಓದಿ ಬಂದ ಬಿ. ಎಸ್. ಸತ್ಯಪ್ರಕಾಶರು ಇಬ್ಬರೂ 1991ರ ಸುಮಾರಿಗೆ, ಗದ್ದಲದ ರಾಶಿಯಿಂದ ಇಂಥ ಸಣ್ಣ ಸ್ವರವನ್ನು ಹೆಕ್ಕಿ ತೆಗೆಯುವ ಗಣಿತವನ್ನು ಬೆಳೆಸಿದರು. ಯಂತ್ರವೇ ಇಲ್ಲದ ದಿನಗಳಲ್ಲಿ ಇದನ್ನೆಲ್ಲ ಮಾಡಿದರೆಂಬುದನ್ನು ನೆನೆಯಬೇಕು. 2016ರ ಫೆಬ್ರುವರಿ 11ರಂದು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದ ಶೋಧಪತ್ರ ಹೊರಬಿದ್ದಾಗ ಅದರಲ್ಲಿ ಭಾರತದ ಮೂವತ್ತಕ್ಕೂ ಹೆಚ್ಚು ವಿಜ್ಞಾನಿಗಳ ಹೆಸರು ಇದ್ದದ್ದು ಸುಮ್ಮನೆ ಅಲ್ಲ.

ಹಾಗಾದರೆ ಹಿಂಗೋಲಿ ಏಕೆ? ಅಮೆರಿಕದಲ್ಲಿ ಎರಡಿವೆ, ಇಟಲಿಯಲ್ಲಿ, ಜಪಾನಿನಲ್ಲಿ ಒಂದೊಂದು ಇವೆ, ಇನ್ನೊಂದರ ಅಗತ್ಯವೇನು ಎಂದು ಕೇಳುವವರುಂಟು. ಎರಡೇ ಯಂತ್ರಗಳಿದ್ದಾಗ ಸದ್ದು ಎತ್ತಣಿಂದ ಬಂತೆಂದು ಹೇಳುವುದು ಬಲು ಕಷ್ಟ. 2015ರ ಘಟನೆ ನಡೆದ ದಿಕ್ಕನ್ನು ಸುಮಾರು 600 ಚದರ ಡಿಗ್ರಿಯಷ್ಟು ಆಕಾಶದಲ್ಲಿ ಎಲ್ಲೋ ಒಂದು ಕಡೆ ಎಂದಷ್ಟೇ ಹೇಳಲಾಯಿತು. ಹುಣ್ಣಿಮೆಯ ಚಂದ್ರರನ್ನು ಮೂರು ಸಾವಿರ ಸಲ ಪಕ್ಕಪಕ್ಕದಲ್ಲಿಟ್ಟರೆ ಆಗುವಷ್ಟು ಜಾಗವದು. 2017ರ ಆಗಸ್ಟಿನಲ್ಲಿ ಇಟಲಿಯ ಯಂತ್ರವೂ ಜೊತೆಗೂಡಿತು. ಅದೇ ತಿಂಗಳ 17ರಂದು ಎರಡು ನ್ಯೂಟ್ರಾನ್ ತಾರೆಗಳು ಡಿಕ್ಕಿ ಹೊಡೆದಾಗ ಜಾಗ 28 ಚದರ ಡಿಗ್ರಿಗೆ ಇಳಿಯಿತು. ಅರ್ಧ ದಿನದೊಳಗೆ ದೂರದರ್ಶಕದವರು ಆ ತಾರೆಗಳಿದ್ದ ಗ್ಯಾಲಕ್ಸಿಯನ್ನೇ ಕಂಡುಹಿಡಿದರು. ಜಗತ್ತಿನ ಸುಮಾರು 70 ವೀಕ್ಷಣಾಲಯಗಳು ಆ ಕಡೆಗೆ ತಿರುಗಿದವು. ನಮ್ಮ ನಾರಾಯಣಗಾವಿನ ಹತ್ತಿರ ಖೋಡದದಲ್ಲಿರುವ ಮೂವತ್ತು ದೊಡ್ಡ ರೇಡಿಯೋ ತಟ್ಟೆಗಳೂ ಅವುಗಳಲ್ಲಿ ಸೇರಿದ್ದವು. ಚಿನ್ನದಂಥ ಭಾರದ ಧಾತುಗಳು ಇಂಥ ಡಿಕ್ಕಿಗಳಲ್ಲಿ ಹುಟ್ಟುತ್ತವೆಂಬುದಕ್ಕೆ ಆಗ ಸಾಕ್ಷಿ ಸಿಕ್ಕಿತು. ಲಕ್ಷ್ಮೀ ರಸ್ತೆಯ ಅಂಗಡಿಗಳ ಮುಂದೆ ನಿಂತು ಚಿನ್ನದ ದರ ಕೇಳಿ ಹೌಹಾರುವಾಗ ಇದನ್ನು ನೆನಪಿಸಿಕೊಂಡರೆ ಒಂದಿಷ್ಟು ಸಮಾಧಾನವಾದೀತು.

ಯಂತ್ರಗಳು ಒಂದರಿಂದೊಂದು ದೂರವಿದ್ದಷ್ಟೂ ದಿಕ್ಕು ಸ್ಪಷ್ಟ. ಭಾರತವು ಉಳಿದ ನಾಲ್ಕಕ್ಕೂ ದೂರ. ಈ ಭಾಗ್ಯ ಮೊದಲು ಆಸ್ಟ್ರೇಲಿಯಕ್ಕೆ ಒದಗಿತ್ತು. ಹ್ಯಾನ್‌ಫರ್ಡಿನಲ್ಲಿ ಸ್ಥಾಪಿಸಬೇಕೆಂದಿದ್ದ ಮೂರನೆಯ ಯಂತ್ರದ ಭಾಗಗಳನ್ನು ಅಲ್ಲಿಗೆ ಕೊಡುವುದಾಗಿ ಅಮೆರಿಕದವರು ಹೇಳಿದ್ದರು. ಅಲ್ಲಿಯ ಸರಕಾರ 2011ರಲ್ಲಿ ಹಣ ಕೊಡಲು ಒಪ್ಪಲಿಲ್ಲ. 2009ರಿಂದ ಸಂಘಟಿತರಾಗಿ ಕಾದಿದ್ದ ನಮ್ಮ ವಿಜ್ಞಾನಿಗಳು ಮುಂದೆ ಬಂದರು. ಒಪ್ಪಂದದ ತಿರುಳು ಇಷ್ಟು: ಯಂತ್ರದ ಭಾಗಗಳು ಅಮೆರಿಕದವು, ಬೆಲೆ ಸುಮಾರು 8 ಕೋಟಿ ಡಾಲರು, ಭೂಮಿ, ಕಟ್ಟಡ, ನಿರ್ವಾತ ಕೊಳವೆ, ಜನ, ಎಲ್ಲವೂ ನಮ್ಮವು. ಆಯುಕಾ ಜಾಗ ಹುಡುಕಿತು, 'ಸಾರಥಿ' ಎಂಬ ಗಣಕವನ್ನು ಸಿದ್ಧಪಡಿಸಿತು, ಹುಡುಗರನ್ನು ತಯಾರು ಮಾಡುತ್ತಿದೆ. ಗಾಂಧೀನಗರದ ಸಂಸ್ಥೆ ನಿರ್ವಾತವನ್ನೂ ಇಂದೂರಿನ ಸಂಸ್ಥೆ ಬೆಳಕಿನ ಭಾಗವನ್ನೂ ಹೊತ್ತಿವೆ. ಕಾರ್ಖಾನೆ, ರೈಲು, ಸಮುದ್ರ ಎಲ್ಲಕ್ಕೂ ದೂರವಾದ ಸದ್ದಿಲ್ಲದ ನೆಲವನ್ನು ದೇಶವೆಲ್ಲ ಹುಡುಕಿ, ಜ್ಯೋತಿರ್ಲಿಂಗದ ಕ್ಷೇತ್ರವೆಂದು ಪ್ರಸಿದ್ಧವಾದ ಔಂಢಾ ನಾಗನಾಥದ ಸಮೀಪದ ಬಯಲನ್ನು ಆರಿಸಿದರು. 1956ಕ್ಕೆ ಮೊದಲು ಆ ನೆಲವೂ ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವೆಂಬುದನ್ನು ನಮ್ಮ ಆ ಭಾಗದ ಹಿರಿಯರು ಮರೆತಿಲ್ಲ. ಯಾವ ಸದ್ದಿಲ್ಲದ ಕಾರಣಕ್ಕೆ ನಮ್ಮ ಕಚೇರಿಯವರು ಅಲ್ಲಿಗೆ ಹೋಗಲು ಅಂಜುತ್ತಾರೋ ಅದೇ ಕಾರಣಕ್ಕೆ ಯಂತ್ರ ಅಲ್ಲಿಗೆ ಬರುತ್ತಿದೆ.

ಇನ್ನು ಕಡತದ ಕಥೆ. ಇದರಲ್ಲಿ ಮಾತ್ರ ನಾನು ತಕ್ಕಮಟ್ಟಿಗೆ ಬಲ್ಲವ. ತರಂಗ ಸಿಕ್ಕ ಸುದ್ದಿ ಹೊರಬಿದ್ದ ಆರನೆಯ ದಿನಕ್ಕೆ, 2016ರ ಫೆಬ್ರುವರಿ 17ರಂದು, ಕೇಂದ್ರ ಸರಕಾರ ತಾತ್ವಿಕ ಮಂಜೂರಾತಿ ಕೊಟ್ಟಿತು. ಮಾರ್ಚ್ 31ರಂದು ಅಮೆರಿಕದೊಡನೆ ಒಪ್ಪಂದಪತ್ರಕ್ಕೆ ಸಹಿ ಬಿತ್ತು. ಇಷ್ಟು ಚುರುಕನ್ನು ನಾನು ನನ್ನ ನೌಕರಿಯಲ್ಲಿ ಕಂಡಿಲ್ಲ. ಆದರೆ ಪೂರ್ಣ ಮಂಜೂರಾತಿ, 2,600 ಕೋಟಿ ರೂಪಾಯಿ, ಬಂದದ್ದು 2023ರ ಏಪ್ರಿಲ್‌ನಲ್ಲಿ. 'ತಾತ್ವಿಕ' ಎಂಬ ಶಬ್ದದಿಂದ 'ಪೂರ್ಣ' ಎಂಬ ಶಬ್ದಕ್ಕೆ ಏಳು ವರ್ಷ! ಜಾಗದ ಪರೀಕ್ಷೆ, ಭೂಸ್ವಾಧೀನ, ವಿನ್ಯಾಸ ಇವುಗಳಿಗೆ ಕಾಲ ಬೇಕು, ನಡುವೆ ಮಹಾಮಾರಿಯೂ ಬಂದುಹೋಯಿತು, ಒಪ್ಪುತ್ತೇನೆ. ಆದರೂ ಆ ಏಳು ವರ್ಷಗಳಲ್ಲಿ ಇಪ್ಪತ್ತೈದು ವಯಸ್ಸಿನ ಸಂಶೋಧಕ ಮೂವತ್ತೆರಡಾಗುತ್ತಾನೆ, ಹೊರದೇಶದಲ್ಲಿ ನೌಕರಿ ಹಿಡಿಯುತ್ತಾನೆ, ಮರಳುವುದಿಲ್ಲ. ಊರು ಬಿಟ್ಟು ಬಂದವರಾದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಮೇ 11ರಂದು ಶಿಲಾನ್ಯಾಸವಾಯಿತು. 2030ಕ್ಕೆ ಕೆಲಸ ಮುಗಿಸಬೇಕೆಂದು ಗೊತ್ತುಪಡಿಸಿದ್ದಾರೆ.

ಆ ತಾರೀಖು ಈಗ ಹಿಂದಿನಂತೆ ಬರಿಯ ತಾರೀಖಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಸರಕಾರ ಮುಂದಿಟ್ಟ ಆಯವ್ಯಯದಲ್ಲಿ, ಲೈಗೋದ ಖರ್ಚನ್ನು ಬಹುವಾಗಿ ಕಡಿತ ಮಾಡಿ ಎರಡು ಯಂತ್ರಗಳಲ್ಲಿ ಒಂದನ್ನು ನಿಲ್ಲಿಸಬೇಕೆಂಬ ಸೂಚನೆ ಇತ್ತು. ವಿಜ್ಞಾನಿಗಳು ಬಲವಾಗಿ ವಿರೋಧಿಸಿದರು. ಈ ಯಂತ್ರದ ಮೂಲಪುರುಷರಲ್ಲಿ ಒಬ್ಬರಾದ ರೈನರ್ ವೈಸರು ಅದೇ ಆಗಸ್ಟಿನಲ್ಲಿ ತೀರಿಕೊಂಡರು. ದೂರದ ಎರಡು ಕಿವಿಗಳು ಸೇರಿಯೇ ಮೊದಲ ಸದ್ದನ್ನು ನಿಜವೆಂದು ನಂಬಿದ್ದು. ಒಂದನ್ನು ಮುಚ್ಚಿದರೆ ಇನ್ನೊಂದರ ಸಾಕ್ಷ್ಯಕ್ಕೆ ಬೆಲೆ ಎಷ್ಟು? ಹಿಂದೆ ಹಿಂಗೋಲಿಯ ಯಂತ್ರ ಎಂದರೆ ಒಳ್ಳೆಯ ಸೇರ್ಪಡೆ ಎಂದಿದ್ದರು. ಈಗ ಅದು ಆಸರೆಯೂ ಆದೀತು. ಲಿಯೋನಿನ ಲೇಪವೂ ಗ್ಲಾಸ್ಗೋದ ಎಳೆಯೂ ಆ ಬಯಲಿಗೆ ಬಂದು, ಇಲ್ಲಿಯ ಬಿಸಿಲಿಗೆ ಇಲ್ಲಿಯ ಧೂಳಿಗೆ ಹೆದರದೆ ನೆಲೆಗೊಳ್ಳಬೇಕಾದರೆ ಅವನ್ನು ಬಿಚ್ಚಿ ತೂಗುಹಾಕುವ ಕೈಗಳು ನಮ್ಮ ಹುಡುಗ ಹುಡುಗಿಯರವು ಆಗಿರಬೇಕು. ಒಂದು ಚುಕ್ಕೆ ಧೂಳು ಏನು ಮಾಡೀತೆಂದು ಮೇಲೆಯೇ ಹೇಳಿದೆ.

ಅಂಥ ಕೈಗಳು ತಯಾರಾಗುವ ದಾರಿಗಳು ಪುಣೆಯಲ್ಲಿ ಇವೆ. ಆಯುಕಾದಲ್ಲೇ ಯಟರ್ಬಿಯಂ ಎಂಬ ಧಾತುವಿನ ಒಂದೇ ಅಯಾನನ್ನು ಹಿಡಿದಿಟ್ಟು ಅದರಿಂದ ಗಡಿಯಾರ ಮಾಡುವ ಕ್ವಾಂಟಂ ಪ್ರಯೋಗಶಾಲೆ ಇದೆ. ಪಾಷಾಣದ ವಿಜ್ಞಾನ ಸಂಸ್ಥೆಯಲ್ಲೂ ಕ್ವಾಂಟಂ ತಂತ್ರಜ್ಞಾನದ ಕೇಂದ್ರವಿದೆ. 2023ರಲ್ಲಿ ಮಂಜೂರಾದ ರಾಷ್ಟ್ರೀಯ ಕ್ವಾಂಟಂ ಯೋಜನೆಯಲ್ಲಿ ಇಂಥ ಅಳತೆಯ ವಿದ್ಯೆಗೆ ಮುಂಬಯಿ, ವಸ್ತುಗಳಿಗೆ ದಿಲ್ಲಿ, ಗಣಕಕ್ಕೆ ಬೆಂಗಳೂರು ಮುಖ್ಯ ಸ್ಥಾನಗಳಾಗಿವೆ. ಹತ್ತನೆಯ, ಹನ್ನೆರಡನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಎಂಜಿನಿಯರಿಂಗು, ಡಾಕ್ಟರಿಕೆಗಳ ಜೊತೆ ಈ ಮಾತೂ ಒಮ್ಮೆ ಬರಲಿ.

ಪ್ರತಿ ವರ್ಷ ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಆಯುಕಾದ ಬಾಗಿಲನ್ನು ಜನರಿಗಾಗಿ ತೆರೆಯುವ ವಾಡಿಕೆ ಇದೆ. ಪ್ರವೇಶಕ್ಕೆ ಸಾಲು ದೊಡ್ಡದಿರುತ್ತದೆ, ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಒಳಗೆ ಫೂಕೋ ಲೋಲಕ ಎಂಬ ತೂಗುಗುಂಡೊಂದಿದೆ. ಭೂಮಿ ತಿರುಗುವುದನ್ನು ಅದು ನಿಂತಲ್ಲೇ ತೋರಿಸುತ್ತದೆ. ಹಿಂಗೋಲಿಯ ಕನ್ನಡಿಗಳೂ ಅದರಂತೆಯೇ ತೂಗುಬೀಳಲಿವೆ ಎಂದು ಮಕ್ಕಳಿಗೆ ಅಲ್ಲಿ ತೋರಿಸಿ ಹೇಳಬಹುದು. ಲೈಗೋ ಬಗ್ಗೆ ಪ್ರಶ್ನೆ ಕೇಳಿದರೆ ಅಲ್ಲಿಯ ಯುವ ಸಂಶೋಧಕರು ಬೇಸರವಿಲ್ಲದೆ ಉತ್ತರ ಕೊಡುತ್ತಾರೆ, ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲೀಷಿನಲ್ಲಿ. ಕನ್ನಡದಲ್ಲಿ ಕೇಳಿ ನೋಡಿರಿ, ಉತ್ತರ ಕೊಡುವವರು ಒಬ್ಬರಾದರೂ ಸಿಕ್ಕಾರು.